ಬೀಗತಿ ಉಣಲೊಲ್ಲಳು

ಪೋಪೋ ಬಟ್ಟಲನ್ನು ಎರಡೂ ಕೈಯಿಂದ ಎತ್ತಿದಳು. ಒಳಗಿದ್ದ ಅನ್ನ, ಬೇಳೆಯ ಸಾರಿನ ಮೇಲೆ ಒಮ್ಮೆ ಕಣ್ಣಾಡಿಸಿದಳು. ಆಮೇಲೆ ಯಾರದೋ ಮನೆಯ ಸೊತ್ತನ್ನು ಮರಳಿ ಒಪ್ಪಿಸುವವಳ ಹಾಗೆ ಅದನ್ನು ಮೇಜಿನ ನಡುವಿಗೆ ಸರಿಸಿಬಿಟ್ಟಳು.

"ಇವತ್ತೂ ಅಷ್ಟ," ಎಂದಳು ವಾಣಿಶ್ರೀ. "ಈ ವಾರಾ ಪೂರ್ತಿ ಬರೇ ಬಿಸಿನೀರು, ನಾಕು ಬಿಸ್ಕೀಟು. ಗಲ್ಲ ಹೆಂಗ ಒಳಗ ಹೋಗ್ಯಾವ ನೋಡ್ರಿ ಅತ್ಯಾರ."

"ನನಗೂ ಕಣ್ಣದಾವ," ಎಂದಳು ಶಾಂತವ್ವ. ತನ್ನ ತಟ್ಟೆಯನ್ನು ಅವಳೂ ಮುಟ್ಟಿರಲಿಲ್ಲ.

"ನೀ ಉಣ್ಣವ್ವಾ. ಸಕ್ಕರಿ ಗುಳಿಗಿ ತಗೊಂಡು ಖಾಲಿ ಹೊಟ್ಟಿಲೆ ಕೂತ್ರ ತಲಿ ತಿರಗತೈತಿ," ಎಂದ ಮಗ ಪಂಚಾಕ್ಷರಿ.

"ಬೀಗತಿ ತಟ್ಟಿ ಸರಿಸಿ ಕೂತಾಳ. ಆಕಿ ಎದುರಿಗೆ ನಾ ಗಬಗಬ ತಿನ್ನಲೇನು? ನಿಮ್ಮಪ್ಪ ಇದ್ದಿದ್ರ ನನ್ನ ಮಾರಿಗೆ ಉಗಳ್ತಿದ್ದ."

ಬೀಗತಿ ಅಂದರೆ ಬೇರೆ ಯಾರೂ ಅಲ್ಲ, ಮೊಮ್ಮಗ ಸುಶಾಂತ ಕಟ್ಟಿಕೊಂಡ ಹುಡುಗಿ ಜಾಯ್ಸಳ ಅಜ್ಜಿ. ಪೋಪೋ ಎಂದರೆ ಚೀನೀಯರಲ್ಲಿ ತಾಯಿಯ ತಾಯಿ. ಜಾಯ್ಸ್ ಹುಟ್ಟಿದ್ದು ಶಿಕಾಗೋದ ಚೈನಾಟೌನಿನಲ್ಲಿ. ತಾಯಿ ತಂದೆ ಬೇಗ ತೀರಿಕೊಂಡಿದ್ದರಿಂದ ಅವಳನ್ನು ಸಾಕಿದ್ದು ಈ ಪೋಪೋನೇ. ಮದುವೆಯ ಮಾತು ಬಂದಾಗ ಶಾಂತವ್ವ ತನ್ನ ಕೋಣೆಯಿಂದ ಕೆಳಗಿಳಿಯದೆ ಕೂತಿದ್ದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನಕ್ಕೆ ಚೀನೀ ಸೊಸೆಯೇ ಎಂದು. ಅದೆಲ್ಲ ಹಳೆಯ ಕಥೆ. ಹೋದ ಬೇಸಿಗೆಯಲ್ಲಿ ಪೋಪೋಗೆ ಮರೆವು ಹೆಚ್ಚಾಗಿ, ಒಲೆ ಹಚ್ಚಿ ಬೀದಿಗೆ ಹೋಗಿಬಿಟ್ಟಾಗ, ಅವಳನ್ನು ಒಬ್ಬಳೇ ಬಿಡುವುದು ಸಾಧ್ಯವಿರಲಿಲ್ಲ. ನೋವೈ ಊರಿನ ಈ ಮನೆಯಲ್ಲಿ ಹಗಲು ಹೊತ್ತು ಇರುವವಳು ಶಾಂತವ್ವ ಒಬ್ಬಳೇ. ಪಂಚಾಕ್ಷರಿ ಕಾರಿನ ಬ್ರೇಕು ಮಾಡುವ ಕಂಪನಿಗೆ, ವಾಣಿಶ್ರೀ ಔಷಧದ ಅಂಗಡಿಗೆ, ಸುಶಾಂತ ಆನ್ ಆರ್ಬರಿನ ಲ್ಯಾಬಿಗೆ, ಜಾಯ್ಸ್ ಶಾಲೆಗೆ. ಹಾಗಾಗಿ ಸುಶಾಂತ, ಜಾಯ್ಸ್ ಬೇರೆ ಮನೆ ನೋಡುವುದನ್ನು ಬಿಟ್ಟು, ಅಜ್ಜಿಯನ್ನು ಕರೆದುಕೊಂಡು ಇಲ್ಲಿಗೇ ಬಂದರು.

ಜಾಯ್ಸ್ ಚಮಚ ಕೆಳಗಿಟ್ಟಳು. "ಅಜ್ಜಿ, ಶಿ ನೀಡ್ಸ್ ಸೂಪ್. ಚಿಕನ್ ಸೂಪ್. ಪ್ಲೀಸ್."

ಪಂಚಾಕ್ಷರಿ ನೀರಿನ ಲೋಟ ಹಿಡಿದವನು ಹಿಡಿದ ಹಾಗೆಯೇ ಉಳಿದ. ಸುಶಾಂತ ನಡುವೆ ಬಾಯಿ ಹಾಕಿದ. "ಅಜ್ಜಿ, ಮೈಂಡ್ ಮಾಡಬ್ಯಾಡ. ಆಕಿ ಏನ್ ಹೇಳಾಕತ್ತಾಳ ಅಂದ್ರ..."

"ತಿಳೀತು. ಹತ್ತು ವರ್ಷ ಕುಂತು ಟಿವಿ ನೋಡೇನಿ. ಚಿಕನ್ ಅಂದ್ರ ಬದನಿಕಾಯಿ ಅಲ್ಲ ಅನ್ನೂದು ಗೊತ್ತೈತಿ." ಶಾಂತವ್ವ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು. "ನವರಾತ್ರಿ ಮುಂದ ಇದನ್ನ ಎರಡೆರಡು ಸಲ ನೀಡಿಸ್ಕೊಂಡು ಉಂಡಾಳ. ಎಣ್ಣಿಗಾಯಿ ಬಟ್ಟಲಾ ಬೆರಳಲೆ ಸವರಿ ನೆಕ್ಕ್ಯಾಳ. ಆವಾಗ ರುಚಿ ಆಗಿದ್ದು ಈಗ ಯಾಕ ಒಲ್ಲೆಂಬೋದು?"

ಬಾಡು ಕಾಣದ ಅಡುಗೆಮನೆಯೇ ಕಾರಣ ಎಂದು ಜಾಯ್ಸ್ ನಂಬಿದ್ದಳು. ಬಾಯಿ ಬಿಟ್ಟು ಹೇಳದಿದ್ದರೂ ವಾಣಿಶ್ರೀಯೂ ಅದನ್ನೇ ನಂಬಿದ್ದಳು. ಊಟ ಬಿಟ್ಟವರಿಗೆ ಊಟದ ಮೇಲೇ ಸಿಟ್ಟು ಎಂದು ತಿಳಿಯುವುದು ಉಣ್ಣುವವರ ಸಹಜ ತಪ್ಪು.

ಎರಡು ದಿನ ಶಾಂತವ್ವ ಜಾಯ್ಸಳ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಹಸಿಯಿರುವಾಗಲೇ ಬಂದು, "ಗ್ಯಾರೇಜಿನ್ಯಾಗ ಕರೆಂಟಿನ ಒಲಿ ಇಡ್ರಿ," ಎಂದಳು. "ನನ್ನ ಅಡಗಿಮನಿಗೆ ಆ ಪಾತ್ರಿ ಬರಬಾರದು. ಹೊರಗ ಏನರ ಕುದಸ್ಕೋರಿ."

"ಗ್ಯಾರೇಜಿನ್ಯಾಗ ಕಾರೈತಲ್ಲವ್ವ?" ಎಂದ ಪಂಚಾಕ್ಷರಿ.

"ಕಾರು ಹೊರಗ ನಿಂದರಲಿ. ಅದೇನು ಉಪಾಸ ಬಿದ್ದಿಲ್ಲ."

ಹೊರಗೆ ಹತ್ತು ಡಿಗ್ರಿ. ಇಲ್ಲಿಯ ಫ್ಯಾರನ್‌ಹೀಟ್ ಹತ್ತು ಅಂದರೆ ಮೂಗಿನೊಳಗಿನ ಕೂದಲು ಗಟ್ಟಿಯಾಗುವ ಹತ್ತು. ಜಾಯ್ಸ್ ಕೋಟು, ಟೊಪ್ಪಿಗೆ, ಕೈಗವಸು ಹಾಕಿಕೊಂಡು ಗ್ಯಾರೇಜಿನಲ್ಲಿ ನಿಂತು ಕೋಳಿ, ಶುಂಠಿ, ಕೆಂಪು ಖರ್ಜೂರ ಹಾಕಿ ಗಂಟೆಗಟ್ಟಲೆ ಕುದಿಸಿದಳು. ಬಟ್ಟಲು ಬಂತು. ಶಾಂತವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತು ನೋಡಿದಳು. ಪೋಪೋ ಹಬೆಗೆ ಮುಖ ಒಡ್ಡಿದಳು. ಕಣ್ಣು ಮುಚ್ಚಿದಳು. ಗಂಟಲು ಮೇಲೆ ಕೆಳಗೆ ಆಡಿತು. ನಾಲಿಗೆ ಬೇಕು ಅಂದದ್ದು ಎಲ್ಲರಿಗೂ ಕಂಡಿತು. ಆದರೂ ಕೈ ಬಟ್ಟಲನ್ನು ಆಚೆಗೆ ಸರಿಸಿತು.

ಜಾಯ್ಸ್ ಅಲ್ಲೇ ಕೂತು ಅತ್ತಳು. ವಾಣಿಶ್ರೀ ಅವಳ ಬೆನ್ನು ಸವರಿದಳು.

"ನನ್ನ ನೇಮಾನೂ ಹೋತು, ಆಕಿ ಹೊಟ್ಟಿನೂ ತುಂಬಲಿಲ್ಲ," ಎಂದು ಶಾಂತವ್ವ ಗೊಣಗಿದಳು. ಗೊಣಗಿದರೂ ಒಲೆಯನ್ನು ತೆಗೆಯಿರಿ ಎನ್ನಲಿಲ್ಲ.

ಅವಳಿಗೆ ಹೆದರಿಕೆ ಹೊಕ್ಕಿತ್ತು. ಪೋಪೋ ಬರುವ ಮುಂಚೆ ಶಾಂತವ್ವನ ಹಗಲು ಹೇಗಿತ್ತು ಎಂಬುದು ಆ ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಕಾರು ಓಡಿಸಲು ಬಾರದು. ಬಡಾವಣೆಯ ರಸ್ತೆಯಲ್ಲಿ ನಡೆದರೆ ಎದುರಿಗೆ ನಾಯಿ ಹಿಡಿದವರು ಬಿಟ್ಟರೆ ನರಪಿಳ್ಳೆ ಇಲ್ಲ. ಎಂಟು ಗಂಟೆಗೆ ಗ್ಯಾರೇಜಿನ ಬಾಗಿಲು ಕೆಳಗಿಳಿಯಿತೆಂದರೆ ಸಂಜೆಯವರೆಗೆ ಫ್ರಿಜ್ಜಿನ ಸದ್ದೇ ಸಂಗಾತಿ. ತನ್ನೂರು ಗಜೇಂದ್ರಗಡದಲ್ಲಿ ಕಟ್ಟೆಯ ಮೇಲೆ ಕೂತರೆ ಮಾತಿಗೆ ಬರವಿರಲಿಲ್ಲ, ಇಲ್ಲಿ ಗೋಡೆಗೆ ಮಾತಾಡಬೇಕು. ಪೋಪೋ ಬಂದಮೇಲೆ ಇಬ್ಬರೂ ಎದುರುಬದುರು ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಇವಳು ಕನ್ನಡದಲ್ಲಿ ಸೊಸೆಯ ಮೇಲೆ ಚಾಡಿ ಹೇಳುವಳು. ಅವಳು ಕ್ಯಾಂಟನೀಸಿನಲ್ಲಿ ಏನೋ ಹೇಳುವಳು, ಅದೂ ಚಾಡಿಯೇ ಇರಬೇಕು. ಇಬ್ಬರೂ ಸರಿಯಾದ ಜಾಗದಲ್ಲಿ ನಗುತ್ತಿದ್ದರು. ಈಗ ಆ ಕೈಗಳು ಬೆಳ್ಳುಳ್ಳಿ ಮುಟ್ಟುತ್ತಿರಲಿಲ್ಲ.

ಬದಲಿಗೆ ಇನ್ನೊಂದು ಹೊಸ ಗೀಳು ಶುರುವಾಗಿತ್ತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಪೋಪೋ ಬಚ್ಚಲಿನ ಕನ್ನಡಿಯ ಎದುರು ನಿಂತು ವಾಣಿಶ್ರೀಯ ಕಾಡಿಗೆಯಿಂದ ಹುಬ್ಬು ತಿದ್ದುವಳು. ಉದ್ದನೆಯ ಒಂದು ಬಟ್ಟೆಯ ಪಟ್ಟಿಯನ್ನು ಹಣೆಗೆ ಸುತ್ತಿ, ಕಣ್ಣಿನ ತುದಿ ಮೇಲಕ್ಕೆ ಜಗ್ಗುವಷ್ಟು ಬಿಗಿದು ಹಿಂದೆ ಗಂಟು ಹಾಕುವಳು. ಪಂಚಾಕ್ಷರಿಯ ಬಿಳಿ ಅಂಗಿ ತೊಟ್ಟು ಕಿಟಕಿಯ ಬಳಿ ನೆಟ್ಟಗೆ ಕೂರುವಳು. ಅಂಗಿಯ ತೋಳು ಬೆರಳು ದಾಟಿ ಮೊಣಕಾಲಿನವರೆಗೆ ಜೋಲುತ್ತಿತ್ತು.

"ಉಪಾಸಕ್ಕ ತಲಿ ಸಿಡಿಯಾಕತ್ತೇತಿ ಪಾಪ," ಎಂದುಕೊಂಡಳು ಶಾಂತವ್ವ. ಅವರ ಕಡೆ ತಲೆ ನೋವಿಗೆ ಹಣೆಗೆ ಬಟ್ಟೆ ಬಿಗಿಯುವುದು ವಾಡಿಕೆ. ಗಂಟು ಬಿಚ್ಚಿ, ಹಣೆಗೆ ನೋವಿನ ಮುಲಾಮು ತಿಕ್ಕಲು ಹೋದಳು. ಪೋಪೋ ಅವಳ ಕೈಗೆ ಛಟ್ಟನೆ ಹೊಡೆದಳು. ಸಿಟ್ಟಿನಿಂದಲ್ಲ, ಗಾಬರಿಯಿಂದ. ಕನ್ನಡಿಗೆ ಓಡಿದಳು, ಪಟ್ಟಿ ಮತ್ತೆ ಬಿಗಿದಳು, ಗೋಡೆಯ ಗಡಿಯಾರ ನೋಡಿದಳು, ಬಾಗಿಲು ನೋಡಿದಳು.

ಸಂಜೆ ಇದನ್ನು ಕೇಳಿದ ಜಾಯ್ಸ್, "ಐ ಡೋಂಟ್ ನೋ ಅಜ್ಜಿ, ಐ ಡೋಂಟ್ ನೋ," ಎಂದು ತಲೆ ಹಿಡಿದುಕೊಂಡಳು. ಪೋಪೋ ಆಡುವ ಮಾತು ಅವಳಿಗೇ ಅರ್ಧಂಬರ್ಧ. ಅವಳದು ಅಡುಗೆಮನೆಯ ಕ್ಯಾಂಟನೀಸ್. ಉಣ್ಣು, ಮಲಗು, ಅಂಗಿ ಹಾಕಿಕೋ, ಅಷ್ಟು.

ಕೊನೆಗೆ ಅವಳು ಚೈನಾಟೌನಿನ ಲಾವ್ ಎಂಬ ಮುದುಕನಿಗೆ ವಿಡಿಯೋ ಕಾಲ್ ಮಾಡಿದಳು. ಪೋಪೋಳ ಹಳೆಯ ಪರಿಚಯ, ಎರಡು ತಂತಿಯ ಪಿಟೀಲು ಬಾರಿಸುತ್ತಿದ್ದವನು. ಶನಿವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದರು. ಫೋನಿನ ಪರದೆಯಲ್ಲಿ ಬೋಳು ತಲೆ ಮೂಡಿತು. ಪೋಪೋಳ ಹಣೆಯ ಪಟ್ಟಿ, ಹುಬ್ಬು, ಜೋಲುವ ತೋಳು ಕಂಡದ್ದೇ ಮುದುಕ ನಕ್ಕ. ನಗುತ್ತ ನಗುತ್ತ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ.

ಅವನು ಸರಳ ಕ್ಯಾಂಟನೀಸು, ಹರಕು ಇಂಗ್ಲಿಷು ಬೆರೆಸಿ ಹೇಳಿದ್ದು ಜಾಯ್ಸಳಿಂದ ಇಂಗ್ಲಿಷಿಗೆ, ಸುಶಾಂತನಿಂದ ಕನ್ನಡಕ್ಕೆ, ಹೀಗೆ ಎರಡು ಜರಡಿ ದಾಟಿ ಶಾಂತವ್ವನಿಗೆ ತಲುಪಿತು.

"ಶಿ ಈಸ್ ಗೋಯಿಂಗ್ ಆನ್ ಸ್ಟೇಜ್ ಅಂತ ಅಜ್ಜಿ. ಇವತ್ತ ಸಂಜಿಗೆ ಆಟ ಐತಿ ಅಂತ ತಿಳಕೊಂಡಾಳ. ದಿನಾ ಹಂಗ ತಿಳಕೊಂತಾಳ."

"ಏನಾಟ?"

"ನಾಟಕ. ಪೋಪೋ ನಾಟಕದ ಕಂಪನಿಯಾಗ ಇದ್ಲಂತ. ಹಾಡೋರು ಆಟಕ್ಕ ಮುಂಚೆ ಉಣಬಾರದಂತ. ಊದೋರು ಹೊಟ್ಟಿ ತುಂಬಿ ಊದಬೇಕು, ಹಾಡೋರು ಹಸದು ಹಾಡಬೇಕು, ಇಟ್ಸ್ ಎ ರೂಲ್. ಆಟ ಮುಗಿದಮ್ಯಾಲ ಎಲ್ಲಾರೂ ಕೂತು ಉಣ್ಣೂದು."

ನೆಟ್ಟಗೆ ಕೂತಿದ್ದ ಪೋಪೋ ಪರದೆಯ ಮುದುಕನಿಗೆ ಏನೋ ಗದರಿದಳು.

"ಏನಂತ?"

ಜಾಯ್ಸ್ ಕಣ್ಣೀರಿನಲ್ಲೂ ನಕ್ಕಳು. "ಪಿಟೀಲು ತರದ ಯಾಕ ಬಂದೀ ಅಂತ ಕೇಳಾಕತ್ತಾಳ," ಎಂದು ಸುಶಾಂತ ಹೇಳಿದ.

ಲಾವ್ ಮುದುಕ ಇನ್ನೂ ಬಹಳ ಹೊತ್ತು ಹೇಳಿದ. ಕ್ಯಾಂಟನ್ ಬಳಿಯ ಹಳ್ಳಿಯಲ್ಲಿ ಬರ, ಯುದ್ಧ. ಎಂಟು ವರ್ಷದ ಹುಡುಗಿಯನ್ನು ಅಪ್ಪ ಕಂಪನಿಯ ಯಜಮಾನನಿಗೆ ಒಪ್ಪಿಸಿ ಹೋದ. ಕಲಿಯುವ ವರ್ಷಗಳಲ್ಲಿ ಸತ್ತರೂ ಕೇಳುವ ಹಾಗಿಲ್ಲ ಎಂಬ ಕರಾರು. ಬೆಳಗಿನ ಜಾವ ಗೋಡೆಗೆ ಕಾಲು ಎತ್ತಿ ನಿಲ್ಲಿಸುತ್ತಿದ್ದರು. ಹಾಡು ತಪ್ಪಿದರೆ ಬೆತ್ತ. ಅವಳ ಹೆಸರು ತೆಗೆದು ಸಿಯು ಹಾ ಎಂದು ಇಟ್ಟರು, ಎಳೆಯ ಸಂಜೆಗೆಂಪು ಎಂದರ್ಥ. ಸೆರೆಯಲ್ಲಿದ್ದ ತಂದೆಗಾಗಿ ಕೋಟೆಯ ಬಾಗಿಲಲ್ಲಿ ಮೊಣಕಾಲೂರಿ ಮೊರೆಯಿಡುವ ಮಗಳ ಪಾತ್ರ ಮಾಡಿ ಹೆಸರಾದಳು. ಹಾಂಗ್‌ಕಾಂಗಿನಲ್ಲಿ ಸಿನಿಮಾದವರು ಕರೆದರು. ಆಗಿನ ಸಿನಿಮಾ ಒಂದು ವಾರದಲ್ಲಿ ತೆಗೆದು ಮುಗಿಸುವ ಸಿನಿಮಾ. ಹಗಲು ಅಲ್ಲಿ, ಸಂಜೆ ರಂಗದ ಮೇಲೆ, ನಿಂತಲ್ಲೇ ನಿದ್ದೆ. ಅವಳ ಒಂದು ಸಿನಿಮಾದ ರೀಲೂ ಈಗ ಎಲ್ಲೂ ಇಲ್ಲ. ಕಂಪನಿಯ ಜೊತೆ ಶಿಕಾಗೋಗೆ ಬಂದವಳು ಇಲ್ಲೇ ಉಳಿದಳು. ಬಟ್ಟೆ ಒಗೆಯುವ ಅಂಗಡಿಯವನನ್ನು ಮದುವೆಯಾದಳು. ಬಣ್ಣ ಹಚ್ಚಿದವಳು ಎಂದು ಗಂಡನ ಮನೆಯವರಿಗೆ ತಾತ್ಸಾರ. ಅಂದಿನಿಂದ ಬಾಯಿ ಕಟ್ಟಿತು. ಮಗಳಿಗೂ ಹೇಳಲಿಲ್ಲ, ಮೊಮ್ಮಗಳಿಗೂ ಹೇಳಲಿಲ್ಲ. ಚೀನೀ ಹೊಸವರ್ಷದ ಮುಂಚೆ ಜಾಯ್ಸ್ ಈ ಮನೆಯ ಬಾಗಿಲಿಗೆ ಶುಭದ ಕೆಂಪು ಕಾಗದ ಅಂಟಿಸಿದ್ದಳಲ್ಲ, ಕಂಪನಿಗಳು ಊರೂರಿಗೆ ಹೊರಡುವ ಕಾಲ ಅದೇ. ಅದನ್ನು ಕಂಡೇ ಅವಳ ತಲೆಯಲ್ಲಿ ಆ ಕಾಲ ಎದ್ದು ಕೂತಿರಬೇಕು ಎಂದ ಮುದುಕ.

ಫೋನು ಇಟ್ಟಮೇಲೆ ಪಂಚಾಕ್ಷರಿ ತಗ್ಗಿದ ದನಿಯಲ್ಲಿ, "ಗುಡಿಯಾಗ ಯಾರ ಮುಂದೂ ಹೇಳಬ್ಯಾಡವ್ವಾ. ನಾಟಕದಾಕಿ ಬೀಗತನ ಅಂತ ಆಡ್ಕೋತಾರ," ಎಂದ.

"ನಮ್ಮಪ್ಪ ನನಗ ನಾಟಕ ನೋಡಾಕೂ ಬಿಟ್ಟಿರಲಿಲ್ಲ," ಎಂದಳು ಶಾಂತವ್ವ. "ಈಗ ಮನಿಗೇ ಬಂದೈತಿ. ಸೋಫಾ ಸರಸ್ರಿ."

"ಏನು?"

"ಸೋಫಾ ಸರಸಪಾ. ಆಟ ಆದ್ರ ಉಣ್ತಾಳ ಅಂದಮ್ಯಾಲ ಆಟ ಆಗಲಿ."

ಸೋಫಾ ಗೋಡೆಗೆ ಹೋಯಿತು. ಕುಟುಂಬವೆಲ್ಲ ಸಾಲಾಗಿ ಕೂತಿತು. ಪೋಪೋ ಊಟದ ಮನೆಯ ಬಾಗಿಲಿನಿಂದ ಬಂದಳು. ಊರುಗೋಲು ಎಲ್ಲಿ ಬಿಟ್ಟಳೋ. ಹೆಜ್ಜೆ ಎಷ್ಟು ಸಣ್ಣದೆಂದರೆ, ಸೀರೆಯಿಲ್ಲದಿದ್ದರೂ ನೆರಿಗೆ ಅಲುಗದ ಹಾಗೆ ಅವಳು ಜಾರಿಕೊಂಡು ಬಂದಂತಿತ್ತು. ತೋಳು ಒಮ್ಮೆ ಝಾಡಿಸಿದಳು. ಪಂಚಾಕ್ಷರಿಯ ಆಫೀಸಿನ ಅಂಗಿ ಗಾಳಿಯಲ್ಲಿ ಹಕ್ಕಿಯಾಗಿ ಎದ್ದು ಅವಳ ಮಣಿಕಟ್ಟಿಗೆ ಮರಳಿ ಕೂತಿತು. ಕಂಠ ಒಡೆದಿತ್ತು, ಆದರೆ ಒಡೆದ ಕಡೆಯೇ ಹಾಡು ಹರಿಯಿತು. ಮೊಣಕಾಲೂರಿ ಕಾರ್ಪೆಟ್ಟಿನ ಮೇಲೆ ಶಾಂತವ್ವನ ಕಡೆಗೇ ಬಂದು, ಎರಡೂ ಕೈಯೊಡ್ಡಿ ಬೇಡಿದಳು. ಶಾಂತವ್ವನಿಗೆ ಒಂದಕ್ಷರ ತಿಳಿಯದು. ಆದರೂ ಯಾರನ್ನೋ ಬಿಟ್ಟುಬಿಡು ಎಂದು ಕೇಳುತ್ತಿದ್ದಾಳೆ, ಬಿಡುವ ಅಧಿಕಾರ ತನಗಿಲ್ಲ ಎಂದು ಅವಳ ಕಣ್ಣು ತುಂಬಿತು.

ಚಪ್ಪಾಳೆಯಾಯಿತು. ಪೋಪೋ ಬಾಗಿ ವಂದಿಸಿದಳು, ಹಣೆಯ ಪಟ್ಟಿ ಬಿಚ್ಚಿದಳು, ಮೇಜಿಗೆ ಬಂದು ಕೂತು ಎರಡು ಬಟ್ಟಲು ಅನ್ನ ಉಂಡಳು. ಎಣ್ಣಿಗಾಯಿಯ ಎಣ್ಣೆ ಗಲ್ಲಕ್ಕಿಳಿಯಿತು. ಶಾಂತವ್ವ ಎದುರಿಗೆ ಕೂತು ತಾನೂ ಉಂಡಳು.

ಕೆಲವು ದಿನ ಮನೆ ಹಬ್ಬದ ಮನೆಯಾಯಿತು. ಕೆಲಸದಿಂದ ಬಂದವರು ಕೋಟು ತೆಗೆಯುತ್ತಲೇ, "ಆಟ ಎಷ್ಟಕ್ಕ?" ಎಂದು ಕೇಳುತ್ತಿದ್ದರು. ಸುಶಾಂತ ಬಾಣಲಿ ಬಡಿದು ತಾಳ ಹಾಕಲು ಹೋಗಿ ಪೋಪೋಳಿಂದ ಬೈಸಿಕೊಂಡ. ಜಾಯ್ಸಳ ಮುಖಕ್ಕೆ ಬಣ್ಣ ಬಂತು. ಆದರೆ ಶಾಂತವ್ವ ನೋಡುತ್ತಿದ್ದಳು. ಚಪ್ಪಾಳೆಯ ಹೊತ್ತಿಗೆ ಬೀಗತಿಯ ತುಟಿ ನೀಲಿಯಾಗುತ್ತಿತ್ತು. ಮೇಜಿನವರೆಗಿನ ನಾಲ್ಕು ಮಾರು ದೂರ ದಿನದಿನಕ್ಕೂ ಉದ್ದವಾಗುತ್ತಿತ್ತು.

ಒಂದು ಸಂಜೆ ಮೊಣಕಾಲೂರಿದವಳು ಮೇಲೇಳಲಿಲ್ಲ. ಮುಂದಕ್ಕೆ ಬಾಗಿ ಹಾಗೆಯೇ ಒರಗಿದಳು. ಪಾತ್ರವೇ ಹಾಗಿರಬೇಕೆಂದು ಪಂಚಾಕ್ಷರಿ ಚಪ್ಪಾಳೆ ತಟ್ಟಿಯೂಬಿಟ್ಟಿದ್ದ.

ಆಸ್ಪತ್ರೆಯಲ್ಲಿ ಹೇಳಿದ್ದು ಇಷ್ಟು. ಎದೆಯ ಕವಾಟ ಕಿರಿದಾಗಿದೆ, ಈ ವಯಸ್ಸಿಗೆ ಈ ಮೈ ಯಾವ ರಿಪೇರಿಯನ್ನೂ ತಾಳದು. ಮೆಟ್ಟಿಲು ಬೇಡ, ಕುಣಿತ ಬೇಡ, ಗಟ್ಟಿಯಾಗಿ ಹಾಡುವುದೂ ಬೇಡ. ಇನ್ನೊಂದು ಸಲ ಹೀಗಾದರೆ ಮನೆಯಲ್ಲೇ ಹೋಗಿಬಿಡಬಹುದು. ಊಟ ಮಾಡದಿದ್ದರೆ ಹೊಟ್ಟೆಗೆ ನಳಿಗೆ ಹಾಕಿ ಉಣಿಸಬಹುದು, ಯೋಚಿಸಿ.

ಮನೆಗೆ ಬಂದ ಪೋಪೋ ಮರುದಿನವೇ ಹಣೆಗೆ ಪಟ್ಟಿ ಬಿಗಿದಳು. ಅವಳು ಕುಣಿಯಲು ಏಳದಂತೆ ಜಾಯ್ಸ್ ರಜೆ ಹಾಕಿ ಪಕ್ಕದಲ್ಲೇ ಕೂತಳು. ಊಟ ಮತ್ತೆ ನಿಂತಿತು.

"ಆಟ ರದ್ದಾಗೇತಿ ಅಂತ ಹೇಳಿ ನೋಡು," ಎಂದಳು ವಾಣಿಶ್ರೀ. "ಹಿಮಾ ಬಿದ್ದೈತಿ, ಮಂದಿ ಬಂದಿಲ್ಲ ಅಂತ."

ಜಾಯ್ಸ್ ಹೇಳಿದಳು. ಪೋಪೋ ಮೊದಲು ನಂಬಲಿಲ್ಲ. ಕಿಟಕಿಗೆ ಹೋಗಿ ಹಿಮ ನೋಡಿದಳು. ಆಮೇಲೆ ಅವಳ ಮುಖ ಎಂಟು ವರ್ಷದ ಹುಡುಗಿಯದಾಯಿತು. ತಾನೇ ಅಡುಗೆಮನೆಗೆ ಹೋಗಿ ತನ್ನ ಬಟ್ಟಲನ್ನು ಕಪಾಟಿನೊಳಗೆ ಮುಚ್ಚಿಟ್ಟಳು. ಬಂದು ಶಾಂತವ್ವನ ಎದುರು ತಲೆ ತಗ್ಗಿಸಿ, ಕೈ ಮುಗಿದು ನಿಂತು ಏನೋ ಗೊಣಗಿದಳು.

"ನನಗ್ಯಾಕ ಕೈ ಮುಗಿತಾಳ? ಏನಂತಾಳ?"

ಜಾಯ್ಸ್ ತಡವರಿಸಿದಳು. ಸುಶಾಂತ ಮೆಲ್ಲಗೆ ಹೇಳಿದ. "ನೀನ ಕಂಪನಿ ಯಜಮಾನ್ತಿ ಅಂತ ತಿಳಕೊಂಡಾಳ ಅಜ್ಜಿ. ಆಟ ಇಲ್ಲದ ದಿನ ಅನ್ನ ಇಲ್ಲ ಅನ್ನೂದು ನನಗ ಗೊತ್ತೈತಿ, ನಾ ಕೇಳಾಂಗಿಲ್ಲ, ಹೊರಗ ಮಾತ್ರ ಹಾಕಬ್ಯಾಡ್ರಿ ಅಂತಾಳ."

ಶಾಂತವ್ವ ಕುರ್ಚಿಯಿಂದ ಎದ್ದು ಅವಳ ಎರಡೂ ಕೈ ಹಿಡಿದುಕೊಂಡಳು.

ಆಟವಾದರೆ ಎದೆ ನಿಲ್ಲುತ್ತದೆ. ಆಟವಿಲ್ಲದಿದ್ದರೆ ಹೊಟ್ಟೆ ಒಣಗುತ್ತದೆ. ಅತ್ತ ದರಿ ಇತ್ತ ಪುಲಿ ಎನ್ನುವರಲ್ಲ, ಆ ಮನೆಯಲ್ಲಿ ಅವೆರಡೂ ದಿನಾ ಊಟದ ಮೇಜಿಗೆ ಬಂದು ಕೂತವು. ಮಾತಿಗೆ ಮಾತು ಬೆಳೆಯಿತು. ಬರುವ ಮಂಗಳವಾರ ನಳಿಗೆ ಹಾಕಿಸಲು ಜಾಯ್ಸ್ ಆಸ್ಪತ್ರೆಗೆ ಒಪ್ಪಿಗೆ ಕೊಟ್ಟು ಬಂದಳು.

"ನಳಗಿ ಹಾಕಿದ್ರ ಕೈಲೆ ಕಿತ್ತಾಳ," ಎಂದಳು ಶಾಂತವ್ವ. "ಕೀಳಬಾರದಂತ ಕೈ ಕಟ್ಟತಾರ. ನಮ್ಮೂರ ಚಿದಂಬರನ ಹೆಂಡ್ತಿ ತಾಯಿಗೆ ಪ್ಲೇನ್‌ಫೀಲ್ಡ್ ಊರಾಗ ಹಂಗ ಮಾಡಿದ್ರು. ಕೈ ಕಟ್ಟಿಸ್ಕೊಂಡ ಸತ್ಲು ಆಕಿ."

"ದೆನ್ ವಾಟ್, ಅಜ್ಜಿ?" ಜಾಯ್ಸ್ ಮೊದಲ ಸಲ ಹಿರಿಯರೆದುರು ದನಿ ಎತ್ತಿದಳು. ಕುಣಿಯಲು ಬಿಟ್ಟರೆ ನಾನೇ ಕೊಂದ ಹಾಗೆ, ಬಿಡದಿದ್ದರೆ ಹಸಿವಿಗೆ ಹಾಕಿ ಕೊಂದ ಹಾಗೆ, ನನಗೆ ಇವಳೊಬ್ಬಳೇ ಇರುವುದು, ನೀವೇ ಹೇಳಿ ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಅಂದು, ಕನ್ನಡದಲ್ಲಿ, "ಹೇಳ್ರಿ," ಎಂದಳು.

"ಅವ್ವಾ, ಸುಮ್ನಿರು," ಎಂದ ಪಂಚಾಕ್ಷರಿ. "ಅದು ಆಕಿ ಅಜ್ಜಿ. ಆಕಿ ಹೇಳಿದಂಗ ಆಗಲಿ."

"ಹೌದಪಾ. ಹಗಲೆಲ್ಲಾ ಕುಂತಾಕಿ ನಾನು. ನಂದೇನೈತಿ."

ಭಾನುವಾರ ಸಂಜೆ ಅನ್ನವಾಯಿತು. ಹೊರಗೆ ಗ್ಯಾರೇಜಿನಲ್ಲಿ ಸೂಪು ಕುದಿಯಿತು. ಪೋಪೋಗೆ ಕುರ್ಚಿಯಿಂದ ಏಳುವ ತ್ರಾಣವೂ ಉಳಿದಿರಲಿಲ್ಲ. ಪಟ್ಟಿ ಹಣೆಯ ಮೇಲೆ ಸಡಿಲಾಗಿ ಜಾರಿತ್ತು. ಅಂಗಿಯ ತೋಳಿಗೆ ಕೈ ತೂರಿಸಲಾಗದೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲು ನೋಡುತ್ತಿದ್ದಳು. ಶಾಂತವ್ವ ಪೂಜೆಯ ಮಣೆಯಿಂದ ಎದ್ದು ಬಂದಳು. ಬೀಗತಿಯ ತೊಡೆಯ ಮೇಲಿನ ಅಂಗಿ ಎತ್ತಿಕೊಂಡಳು.

"ಆಟ ಆಗಬೇಕು, ಅಷ್ಟ ಅಲ್ಲೇನು?" ಎಂದಳು. "ಆಡಾಕಿ ಇಕಿನ ಆಗಬೇಕಂತ ಏನೈತಿ?"

"ಮತ್ತ ಯಾರು?" ಎಂದ ಸುಶಾಂತ.

ಇಳಕಲ್ ಸೀರೆಯ ಮೇಲೆ ಮಗನ ಬಿಳಿ ಅಂಗಿ ಏರುತ್ತಿತ್ತು. ವಾಣಿಶ್ರೀ ಎದ್ದೇಬಿಟ್ಟಳು. "ಅತ್ಯಾರ, ನಿಮ್ಮ ಮೊಣಕಾಲ್ರಿ."

"ಮೊಣಕಾಲು ನಂದು."

ಎಪ್ಪತ್ತೊಂಬತ್ತು ವರ್ಷದಲ್ಲಿ ಶಾಂತವ್ವ ನಾಲ್ಕು ಜನರೆದುರು ನಿಂತು ಹಾಡಿದವಳಲ್ಲ. ಬರುವುದು ಬೀಸುಕಲ್ಲಿನ ಪದ ಒಂದೇ, ಅದೂ ಹಿಟ್ಟಿನ ಸದ್ದಿನಲ್ಲಿ ಮುಚ್ಚಿಹೋಗುವಷ್ಟು ಸಣ್ಣಗೆ. ಅದನ್ನೇ ಎತ್ತಿದಳು. ತವರಿನ ದಾರಿ ನೋಡುವ ಮಗಳ ಪದ. ಎತ್ತಿಕೊಂಡು, ಬೀಗತಿ ಇಟ್ಟಂತೆ ಸಣ್ಣ ಹೆಜ್ಜೆ ಇಡಲು ಹೋದಳು.

ಪೋಪೋಳ ಕಣ್ಣು ಕಿರಿದಾಯಿತು. ತನ್ನ ಉಡುಪು ಬೇರೆಯವಳ ಮೈಮೇಲೆ. ಅವಳು ತುಟಿ ಬಿಗಿದು ಮುಖವನ್ನು ಗೋಡೆಗೆ ತಿರುಗಿಸಿಬಿಟ್ಟಳು.

"ಅಜ್ಜಿ, ಸ್ಟಾಪ್. ಪ್ಲೀಸ್ ಸ್ಟಾಪ್," ಎಂದಳು ಜಾಯ್ಸ್. ಅನ್ನದ ಬಟ್ಟಲು ಹಿಡಿದೇ ಅರ್ಧ ಎದ್ದಳು.

ಶಾಂತವ್ವನಿಗೆ ನಿಲ್ಲಿಸಲೂ ತಿಳಿಯಲಿಲ್ಲ. ಕದಿಯುವಾಗ ಸಿಕ್ಕಿಬಿದ್ದವಳ ಹಾಗೆ ಮುಖ ಬಿಸಿಯಾಯಿತು. ಹಾಡು ಮುಂದುವರಿಸಿ ತೋಳು ಝಾಡಿಸಿದಳು. ಅಂಗಿಯ ತೋಳು ಸೋಫಾದ ಪಕ್ಕದ ದೀಪದ ಕಂಬಕ್ಕೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಜಗ್ಗಿದರೆ ದೀಪವೇ ಓಲಾಡಿತು. ಆ ಸಂಕಟದಲ್ಲೂ ವಾಣಿಶ್ರೀಯ ಬಾಯಿಂದ ನಗೆ ಜಾರಿತು.

ಗೋಡೆಯ ಕಡೆಯಿಂದ "ಚ್ಚ" ಎಂಬ ಸದ್ದು ಬಂತು. ಪೋಪೋ ತಿರುಗಿದ್ದಳು. ತಡೆಯಲಾಗದವಳ ಹಾಗೆ ಒಂದು ಮಾತು ಎಸೆದಳು, ಚೂಪಾಗಿ.

"ಏನಂದ್ಲು?"

"ಡಕ್..." ಜಾಯ್ಸ್ ಸುಶಾಂತನ ಮುಖ ನೋಡಿದಳು.

"ಬಾತುಕೋಳಿ ನಡದಂಗ ನಡೀತಿ ಅಂತಾಳ ಅಜ್ಜಿ."

"ಹೌದು. ಮತ್ತ ಹೆಂಗ ನಡೀಬೇಕು, ಕೇಳು."

ಕೇಳುವ ಮೊದಲೇ ಪೋಪೋ ಕುರ್ಚಿಯ ತೋಳನ್ನು ಬೆರಳಿನಿಂದ ಬಡಿದಳು. ಟಕ್, ಟಕ್ಕಟಕ್. ಹಿಮ್ಮಡಿ, ಆಮೇಲೆ ತುದಿ ಎಂದು ಅಂಗೈಯಿಂದ ತೋರಿಸಿದಳು. ಶಾಂತವ್ವ ಹಿಮ್ಮಡಿ ಇಟ್ಟಳು. ಮೊಣಕಾಲಿನೊಳಗೆ ಕಲ್ಲು ಅರೆದ ಹಾಗಾಯಿತು. ಪೋಪೋ ಅಲ್ಲ, ಅಲ್ಲ ಎಂದು ತಲೆಯಾಡಿಸಿ, ತಾಳ ಹೇಳಲು ಬಾಯಿ ತೆರೆದಳು. ಜಾಯ್ಸ್ ಚಮಚ ಒಳಗಿಟ್ಟಳು. ಪೋಪೋ ಅಗಿದಳು, ನುಂಗಿದಳು, ನುಂಗಿದ್ದು ತನಗೇ ಗೊತ್ತಿಲ್ಲದವಳ ಹಾಗೆ ಮತ್ತೆ ಬೈದಳು. ಕೈ ಮೇಲೆ. ಇನ್ನೂ ಮೇಲೆ. ತಲೆ ತಗ್ಗಿಸಬೇಡ. ಇನ್ನೊಂದು ಚಮಚ ಹೋಯಿತು. ಆಡುವವಳು ತಾನೆ ಹಸಿಯಬೇಕು, ಕಲಿಸುವವಳಿಗೆ ಆ ಕಟ್ಟಳೆ ಇರಲಿಲ್ಲವೋ ಏನೋ. ಯಾರೂ ಕೇಳಲಿಲ್ಲ.

ಶಾಂತವ್ವ ಟೀಪಾಯಿಯ ಸುತ್ತ ಒಂದು ಬಳಸು ಬಂದು ಸೋಫಾದ ಬೆನ್ನು ಹಿಡಿದು ನಿಂತಳು. ಅವಳು ನಿಂತದ್ದೇ ಪೋಪೋಳ ಬಾಯಿ ಮುಚ್ಚಿತು. ಬೆರಳು ಕುರ್ಚಿಯ ಮೇಲೆ ಎತ್ತಿದ ಹಾಗೆಯೇ ಕಾಯಿತು. ಜಾಯ್ಸಳ ಚಮಚವೂ ಗಾಳಿಯಲ್ಲಿ ಕಾಯಿತು.

ಶಾಂತವ್ವ ಮತ್ತೆ ಹೊರಟಳು. ಬಾಯಿ ತೆರೆಯಿತು.

ಎರಡನೆಯ ಬಳಸಿಗೆ ಅವಳ ಹಾಡು ಉಸಿರಾಗಿ ಉಳಿದಿತ್ತು. ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಪಂಚಾಕ್ಷರಿ ಎದ್ದು ಬಂದು ಅವಳ ಮೊಣಕೈ ಹಿಡಿದ.

"ಅವ್ವಾ, ಸಾಕು. ಮಾರಿ ನೋಡ್ಕೋ, ಹೆಂಗಾಗೇತಿ. ನಾಳೆ ಏನು ಮಾಡ್ತಿ? ನಾಡದು? ದಿನಾ ಹಿಂಗ ನಿಂತರ ನೀನೂ ಬೀಳ್ತಿ. ಕೂಡು."

ಶಾಂತವ್ವ ಮಗನ ಭುಜದ ಮೇಲಿಂದ ಬಟ್ಟಲಿನೊಳಗೆ ಇಣುಕಿದಳು.

"ಇನ್ನಾ ಅನ್ನ ಐತಿ," ಎಂದಳು. ಅವನ ಕೈ ಬಿಡಿಸಿಕೊಂಡು ಹಿಮ್ಮಡಿ ಊರಿದಳು.